ಸ್ಟೇಷನ್ನಿನ ಅರ್ಧ ತಾಸು

ಗದಗ ರೈಲು ನಿಲ್ದಾಣದಲ್ಲಿ ಪುಕ್ಕಟೆ ಇಂಟರ್ನೆಟ್ ಸಿಗುತ್ತದೆ ಎಂದು ನನಗೆ ಮೊದಲು ಹೇಳಿದವರು ನಾನು ಕೆಲಸಕ್ಕಿದ್ದ ಝೆರಾಕ್ಸ್ ಅಂಗಡಿಯ ಮಾಲಕರು. ಅವರಿಗೆ ಅದೇನು ದೊಡ್ಡ ಸುದ್ದಿಯಲ್ಲ. ಹುಬ್ಬಳ್ಳಿಗೆ ಹೋಗುವ ಗಾಡಿ ತಡವಾಗಿದ್ದಕ್ಕೆ ಅರ್ಧ ತಾಸು ಕುಳಿತು ಕ್ರಿಕೆಟ್ ನೋಡಿದೆ ಎಂದು ಚಹಾ ಕುಡಿಯುತ್ತ ಹೇಳಿದರು. ನಾನು ಕೈಯಲ್ಲಿದ್ದ ಕಾಗದಗಳನ್ನು ಹಾಗೇ ಇಟ್ಟು ಕೇಳಿದೆ: "ವಿಡಿಯೊ ನಿಂತ್ ನಿಂತ್ ಬರ್ತಿತ್ತೇನ್ರಿ, ಸರಾಗ ಬರ್ತಿತ್ತೇನ್ರಿ?"

"ನೀರು ಹರದಂಗ ಬರ್ತಿತ್ತವಾ" ಎಂದರು.

ನನಗೆ ಬೇಕಾಗಿದ್ದು ಅಷ್ಟೇ. ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ.

ನಮ್ಮದು ಕುರ್ತಕೋಟಿ. ತಂಗಿಯನ್ನು ಅಪ್ಪ ಕಿವುಡ ಮಕ್ಕಳ ವಸತಿ ಶಾಲೆಯೊಂದಕ್ಕೆ ಸೇರಿಸಿದ್ದ. ಅಲ್ಲಿ ಆಕೆಗೆ ಹಮ್ಮಿಗಿಯ ಮುಸ್ಲಿಂ ರೈತರ ಮನೆಯ ಹುಡುಗಿಯೊಬ್ಬಳು ಜೀವದ ಗೆಳತಿಯಾದಳು. ಹತ್ತು ವರ್ಷ ಅವರದು ಒಂದೇ ಕೋಣೆ. ಶಾಲೆ ಮುಗಿದ ಮೇಲೆ ತಂಗಿ ನಮ್ಮೂರಿಗೆ ಬಂದಳು, ಗೆಳತಿ ಹೊಳೆದಂಡೆಯ ತನ್ನ ಊರಿಗೆ ಹೋದಳು, ಕೆಲವು ವರ್ಷಗಳಲ್ಲಿ ಮದುವೆಯಾಗಿ ಲಕ್ಷ್ಮೇಶ್ವರ ಸೇರಿದಳು. ಇಬ್ಬರಿಗೂ ಬರವಣಿಗೆ ಅಷ್ಟಕ್ಕಷ್ಟೇ. ಕಾಗದ ಬರೆದರೆ ಅದರಲ್ಲಿ ಅಕ್ಷರಕ್ಕಿಂತ ಚಿತ್ರವೇ ಹೆಚ್ಚು: ಒಂದು ಎಮ್ಮೆ, ಒಂದು ಹೊಸ ಸೀರೆ, ಅಳುವ ಮುಖ. ಯಾಕೆ ಅತ್ತಳು ಎಂದು ಚಿತ್ರದಲ್ಲಿ ತಿಳಿಯುತ್ತಿರಲಿಲ್ಲ. ಮನೆಗೆ ಫೋನು ಬಂದಾಗ ನಾವೆಲ್ಲ ಸಂಭ್ರಮಪಟ್ಟೆವು. ತಂಗಿ ಒಮ್ಮೆ ಅದನ್ನು ಕಿವಿಗೆ ಹಿಡಿದು ನೋಡಿ, ತಣ್ಣಗಿದೆ ಎಂಬಂತೆ ಕೆನ್ನೆ ಉಜ್ಜಿಕೊಂಡು, ಅವ್ವನ ಕೈಗೆ ಮರಳಿ ಕೊಟ್ಟಳು.

ಮುಖ ನೋಡಿ ಮಾತಾಡುವ ಫೋನು ಬಂದ ಮೇಲೂ ನಮಗೆ ಅದು ಎಟುಕಲಿಲ್ಲ. ಊರಲ್ಲಿ ಸಿಗ್ನಲ್ಲು ದನಿಗೆ ಸಾಕಾಗುತ್ತಿತ್ತು, ಚಿತ್ರಕ್ಕೆ ಸಾಲುತ್ತಿರಲಿಲ್ಲ. ಮಾಳಿಗೆ ಹತ್ತಿ ಹಿಡಿದರೂ ಗೆಳತಿಯ ಕೈ ಅರ್ಧ ಸನ್ನೆಯಲ್ಲಿ ನಿಂತುಬಿಡುತ್ತಿತ್ತು. ಗದಗಿಗೆ ಒಯ್ದು ಹಚ್ಚಿದರೆ ನನ್ನ ಪ್ಯಾಕಿನ ಡೇಟಾ ಕುಶಲ ಕೇಳುವಷ್ಟರಲ್ಲಿ ಮುಗಿಯುತ್ತಿತ್ತು. ಅದಕ್ಕೇ ಮಾಲಕರ ಮಾತು ನನಗೆ ಹಾಗೆ ನಾಟಿತು.

ಮುಂದಿನ ರವಿವಾರ ತಂಗಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ಗೆಳತಿಯ ಗಂಡನಿಗೆ ಮೊದಲೇ ಫೋನು ಮಾಡಿ ಹೊತ್ತು ಹೇಳಿದ್ದೆ. ಆತ ಲಕ್ಷ್ಮೇಶ್ವರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಕಿವಿ ಕೇಳುವವನೇ, ಆದರೆ ಹೆಂಡತಿಗಾಗಿ ಸನ್ನೆಯ ಭಾಷೆ ಕಲಿತಿದ್ದ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸಿ ಒಳಗೆ ಹೋಗಿ, ಫೋನು ಹಿಡಿದು ಅತ್ತಿತ್ತ ನಡೆದು, ಚಹಾದಂಗಡಿ ದಾಟಿದ ಮೇಲಿನ ಎರಡನೆಯ ಕಲ್ಲುಬೆಂಚಿನ ಬಳಿ ಸಿಗ್ನಲ್ಲು ಗಟ್ಟಿ ಎಂದು ಕಂಡುಕೊಂಡೆ.

ತೆರೆಯ ಮೇಲೆ ಗೆಳತಿಯ ಮುಖ ಮೂಡಿದಾಗ ತಂಗಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಎರಡೂ ಕೈ ಎತ್ತಿದಳು. ಅಬ್ಬಾ, ಆ ಕೈಗಳ ಓಟ! ಮನೆಯಲ್ಲಿ ಊಟ, ನೀರು, ನಿದ್ದೆ, ಬಾ, ಹೋಗು ಎಂದಷ್ಟೇ ಆಡುತ್ತಿದ್ದ ಬೆರಳುಗಳು ಅಲ್ಲಿ ಕಟ್ಟೆ ಒಡೆದ ಕಾಲುವೆಯಂತೆ ಹರಿದವು. ಹುಬ್ಬು, ತುಟಿ, ಭುಜ ಎಲ್ಲವೂ ಮಾತಾಡಿದವು. ನಾನು ಫೋನು ಹಿಡಿದು ನಿಂತ ಕಂಬ ಅಷ್ಟೇ. ಗಾಡಿ ಕಾಯುತ್ತಿದ್ದವರು ಸುತ್ತ ಸೇರಿದರು. ಅರ್ಧ ತಾಸು ತುಂಬಿದ ಕೂಡಲೇ ತೆರೆ ಕಪ್ಪಾಯಿತು. ಒಂದು ನಂಬರಿಗೆ ದಿನಕ್ಕೆ ಅಷ್ಟೇ ಪುಕ್ಕಟೆ. ತಂಗಿಯ ಕೈ ಗಾಳಿಯಲ್ಲೇ ಉಳಿಯಿತು.

ಪಕ್ಕದಲ್ಲಿ ಮುಂಡರಗಿ ಕಡೆಯ ಅಜ್ಜ ಒಬ್ಬರು ಗಂಟು ಇಟ್ಟುಕೊಂಡು ಕುಳಿತಿದ್ದರು. "ಯಾಕವಾ, ಬಂದ್ ಆತೇನ?" ಎಂದರು. ನಾನು ವಿಷಯ ಹೇಳಿದೆ. ಬೇರೆ ನಂಬರ್ ಹಾಕಿದರೆ ಮತ್ತೆ ಅರ್ಧ ತಾಸು ಸಿಗುತ್ತದೆ ಎಂದೂ ಹೇಳಿದೆ.

"ಹಂಗಾರ ನಂದ ಹಾಕು. ನನಗೇನ್ ಮಾಡೂದೈತಿ ಅದನ್ನ ತಗೊಂಡು?" ಅಂಗಿಯ ಒಳಜೇಬಿನಿಂದ ಬಟನ್ ಫೋನು ತೆಗೆದರು. ಒಟಿಪಿ ಬಂದಾಗ ಓದಲಾಗದೆ ನನ್ನ ಕೈಗೇ ಕೊಟ್ಟರು. ತೆರೆ ಮತ್ತೆ ಬೆಳಗಿತು. ಅಜ್ಜ ತಂಗಿಯ ಕೈಗಳನ್ನೇ ನೋಡುತ್ತ, "ನಮ್ಮ ಬಾಯಿಗಿಂತ ಜಲ್ದಿ ಮಾತಾಡ್ತಾಳಲಾ ಈಕಿ" ಎಂದರು.

ಹೀಗೆ ಅದು ರೂಢಿಯಾಯಿತು. ಪ್ರತಿ ರವಿವಾರ ಮುಂಜಾನೆ ನನ್ನದೊಂದು ಅರ್ಧ ತಾಸು, ಯಾರೋ ಪುಣ್ಯಾತ್ಮರದೊಂದು ಅರ್ಧ ತಾಸು. ಸಂಶಯಪಟ್ಟವರೂ ಇದ್ದರು. ಒಬ್ಬ ಹೆಂಗಸು, "ನಂಬರ್ ಇಸಗೊಂಡು ಏನರ ಮೋಸ ಮಾಡ್ತೀರೇನ?" ಎಂದು ಬೈದಳು. ಆಕೆಯದೂ ತಪ್ಪಲ್ಲ. ಆದರೆ ಕೊಟ್ಟವರೇ ಹೆಚ್ಚು.

ಮೂರು ತಿಂಗಳು ಕಳೆದಿರಬೇಕು. ಆ ದಿನಗಳಲ್ಲಿ ಶಿರಹಟ್ಟಿ ಕಡೆಯಿಂದ ತಂಗಿಗೆ ಒಂದು ಸಂಬಂಧ ಬಂದಿತ್ತು. ಹೊಲಮನೆ ಇದ್ದವರು, ಹುಡುಗ ಕಿವಿ ಕೇಳುವವನು, ಸಂಭಾವಿತ. ಅವ್ವ ಕೊರಳಿಗೆ ತಾಳಿಯ ಸನ್ನೆ ಮಾಡಿ, ಊರಿನ ದಿಕ್ಕಿಗೆ ಬೆರಳು ತೋರಿಸಿ ಕೇಳಿದ್ದಳು. ತಂಗಿ ತಲೆ ಆಡಿಸಿದ್ದಳು. ಮನೆಯಲ್ಲಿ ಎಲ್ಲರಿಗೂ ಖುಷಿಯಾಗಿತ್ತು.

ಆ ರವಿವಾರ ಮಾತಿನ ನಡುವೆ ಗೆಳತಿ ಎದ್ದುಹೋಗಿ ಗಂಡನನ್ನು ಕರೆದು ತಂದಳು. ಆತ ತೆರೆಯ ಹತ್ತಿರ ಬಂದು ನನ್ನೊಂದಿಗೆ ಮಾತಾಡಿದ: "ಅಕ್ಕಾರ, ನಿಮ್ಮ ತಂಗಿ ಏನಂತಾರ ನಿಮಗ ಗೊತ್ತೈತೇನ್ರಿ?"

"ಇಲ್ಲಪಾ, ಏನಂತಾಳ?"

"ಈ ಮದವಿ ಬ್ಯಾಡಂತಾರ್ರಿ. ಮನಿಯಾಗ ತಲಿ ಆಡಿಸಿದ್ದು, ನೀವು ಹೇಳಿದ್ದು ತಿಳೀತು ಅಂತರಿ. ಒಪ್ಪಿಗಿ ಅಂತ ಅಲ್ಲ. ಮಾತಾಡಾಕ ಒಬ್ಬರೂ ಇಲ್ಲದ ಮನ್ಯಾಗ ಆಗಲೇ ಇದ್ದೀನಿ, ಇನ್ನೊಂದು ಅಂಥಾ ಮನಿಗಿ ಹೋಗಂಗಿಲ್ಲ ಅಂತಾರ್ರಿ."

ತಂಗಿಯ ಹಸಿವು, ಸಿಟ್ಟು, ನಗು ಎಲ್ಲ ನನಗೆ ತಿಳಿಯುತ್ತದೆ ಎಂದು ಬೀಗುತ್ತಿದ್ದವಳು ನಾನು. ಒಂದೇ ಕೌದಿಯಲ್ಲಿ ಮಲಗಿ ಬೆಳೆದವಳು. ಮಾತಾಡಲು ಒಬ್ಬರೂ ಇಲ್ಲದ ಮನೆಯಲ್ಲಿ ನಾನೂ ಒಬ್ಬಳಾಗಿದ್ದೆ.

ಬಸ್ಸಿನಲ್ಲಿ ಆಕೆಯ ಕೈ ಹಿಡಿದುಕೊಂಡೇ ಬಂದೆ. ಮನೆಯಲ್ಲಿ ಹೇಳಿದಾಗ ಅವ್ವ ನಂಬಲಿಲ್ಲ. ಅಪ್ಪ, "ಮುಂದಿನ ವಾರ ನಾನೂ ಬರ್ತೀನಿ" ಎಂದ.

ಬಂದ. ತೊಳೆದ ಧೋತರ ಉಟ್ಟು, ಹೆಗಲಿಗೆ ಶಲ್ಯ ಹಾಕಿಕೊಂಡು, ಬೀಗರನ್ನು ಕಾಣಲು ಹೊರಟವನಂತೆ ಬಂದ. ತೆರೆಯಲ್ಲಿ ಗೆಳತಿಯ ಗಂಡನನ್ನು ಕಂಡು ಕೈಮುಗಿದು, "ಕೇಳ್ರಿ ಆಕಿನ್ನ, ಖರೇನ ಬ್ಯಾಡಂತಾಳೇನು" ಎಂದ. ಆತ ಸನ್ನೆಯಲ್ಲಿ ಕೇಳಿದ. ತಂಗಿ ಒಂದೇ ಸನ್ನೆಯಲ್ಲಿ ಉತ್ತರಿಸಿದಳು. ಅದು ನನಗೂ ತಿಳಿಯಿತು.

"ಆತು, ಬಿಟ್ಟೇವಿ" ಎಂದ ಅಪ್ಪ. ಅಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಆದರೆ ತಂಗಿ ಕೈ ಇಳಿಸಲಿಲ್ಲ. ಅಪ್ಪನನ್ನು ನೋಡುತ್ತ, ತೆರೆಯನ್ನು ನೋಡುತ್ತ, ನಿಧಾನವಾಗಿ ಏನೋ ಹೇಳಿದಳು. ಆತ ಅದನ್ನು ಕನ್ನಡಕ್ಕೆ ತಂದ:

"ಸಣ್ಣಾಕಿದ್ದಾಗ ನೀವು ಬೆನ್ನ ಮ್ಯಾಲೆ ಹೊತಗೊಂಡು ಹೊಲಕ್ಕ ಒಯ್ತಿದ್ರಂತ. ಆವಾಗ ನಿಮ್ಮ ಬೆನ್ನು ಗುಂಯ್ ಅಂತಿತ್ತಂತ. ಅಪ್ಪ ಏನೋ ಮಾತಾಡ್ತಾನ ಅಂತ ತಿಳೀತಿತ್ತಂತ. ಏನ್ ಮಾತಾಡ್ತಿದ್ದಿ ಅಂತ ಕೇಳ್ತಾರ್ರಿ."

ಅಪ್ಪ ಬಾಯಿ ತೆರೆದ. ಅದೇ ಹೊತ್ತಿಗೆ ತೆರೆ ಆರಿತು. ನಾನು ಸುತ್ತ ಯಾರನ್ನಾದರೂ ಕೇಳೋಣ ಎಂದು ಎದ್ದರೆ ಅಪ್ಪ ನನ್ನ ತೋಳು ಹಿಡಿದು, "ನಂದೂ ಒಂದು ನಂಬರ್ ಐತೆಲ್ಲಾ, ಹಾಕು" ಎಂದ. ಮತ್ತೆ ಹಚ್ಚಿಕೊಟ್ಟೆ. ಅಪ್ಪ ಶಲ್ಯ ಸರಿಮಾಡಿಕೊಂಡು ತೆರೆಯತ್ತ ಬಾಗಿದ.

"ಹೇಳ್ರಿ ಆಕಿಗೆ. ಏನ್ ದೊಡ್ಡ ಮಾತಲ್ಲ. ಇದು ಕಡ್ಲಿ, ಇದು ಕುಸುಬಿ, ಅದು ನಮ್ಮ ದೊಡ್ಡಪ್ಪನ ಹೊಲ ಅಂತ ತೋರಿಸ್ತಿದ್ದೆ. ಆಕಿಗೆ ಕೇಳ್ಸಂಗಿಲ್ಲ ಅಂತ ಗೊತ್ತಿತ್ತು. ಸುಮ್ಮನಿರಾಕ ಮನಸ್ಸು ಬರ್ತಿದ್ದಿಲ್ಲ."

ತಂಗಿ ಆ ಸನ್ನೆಗಳನ್ನು ತೆರೆಯಲ್ಲಿ ನೋಡಿ ಮುಗಿಸಿದ ಮೇಲೆ ಅಪ್ಪನ ಶಲ್ಯಕ್ಕೆ ಮುಖ ಒತ್ತಿದಳು. ಕೊಪ್ಪಳದ ಕಡೆಯಿಂದ ಬಂದ ಗಾಡಿಯೊಂದು ಸದ್ದು ಮಾಡುತ್ತ ನಿಂತಿತು. ನಮಗೆ ಯಾರಿಗೂ ಇಳಿಯುವವರ, ಹತ್ತುವವರ ಪರಿವೆ ಇರಲಿಲ್ಲ.

ಶಿರಹಟ್ಟಿಯವರಿಗೆ ಅಪ್ಪ ತಾನೇ ಹೋಗಿ ಹೇಳಿ ಬಂದ. ತಂಗಿ ಲಕ್ಷ್ಮೇಶ್ವರಕ್ಕೆ ಹೋಗಿ ಗೆಳತಿಯ ಮನೆಯಲ್ಲೇ ಇದ್ದು ಹೊಲಿಗೆ ಕಲಿತಳು. ಎರಡು ವರ್ಷದ ಮೇಲೆ, ಆ ಗೆಳತಿಯ ಬಳಗದ ಮೂಲಕವೇ, ಬೆಟಗೇರಿಯಲ್ಲಿ ಮಗ್ಗ ನೇಯುವ ಒಬ್ಬ ಕಿವುಡ ಹುಡುಗನ ಪರಿಚಯವಾಯಿತು. ಈ ಸಲ ಕೇಳಬೇಕಾದ್ದನ್ನೆಲ್ಲ ನಾನೇ ಕೇಳಿದೆ. ಅಷ್ಟರಲ್ಲಿ ರವಿವಾರಗಳ ಪುಣ್ಯದಿಂದ ನನಗೂ ಸನ್ನೆ ಬರುತ್ತಿತ್ತು. ತಂಗಿ ಒಪ್ಪಿದಳು, ಮದುವೆಯಾಗಿ ಬೆಟಗೇರಿ ಸೇರಿದಳು.

ಈಗ ಕುರ್ತಕೋಟಿಯಲ್ಲೂ ಚಿತ್ರ ಸರಾಗ ಬರುತ್ತದೆ. ಯಾರ ನಂಬರೂ ಬೇಡ, ಬಸ್ಸೂ ಬೇಡ. ಗೆಳತಿಯರಿಬ್ಬರೂ ಹೊತ್ತು ಸಿಕ್ಕಾಗ ಮಾತಾಡುತ್ತಾರೆ, ಮಾತಾಡದೆ ವಾರಗಟ್ಟಲೆ ಇರುವುದೂ ಉಂಟು. ನನಗೆ ಮಾತ್ರ ಆ ಬಿಸಿಲಿಗೆ ಕಾದ ಬೆಂಚು, ಅಪರಿಚಿತರ ಜೇಬಿನಿಂದ ಹೊರಬರುತ್ತಿದ್ದ ಫೋನುಗಳು, ಇನ್ನು ಐದೇ ನಿಮಿಷ ಎಂದು ನಾನು ಬೆರಳು ತೋರಿಸಿದಾಗ ಇನ್ನೂ ಜೋರಾಗುತ್ತಿದ್ದ ಆ ಕೈಗಳು ನೆನಪಾಗುತ್ತವೆ. ಮುಗಿದುಹೋಗುವ ಅರ್ಧ ತಾಸಿಗೆ ಇದ್ದ ರುಚಿ ಮುಗಿಯದ ಇಂಟರ್ನೆಟ್ಟಿಗೆ ಇಲ್ಲ.

ಎಲ್ಲರಿಗಿಂತ ತಡವಾಗಿ ಕಲಿತವಳು ಅವ್ವ. ಆಕೆಯ ಸನ್ನೆಗೆ ಕುರ್ತಕೋಟಿಯ ರಾಗವಿದೆ ಎಂದು ತಂಗಿ ನಗುತ್ತಾಳೆ. ಮೊನ್ನೆ ಮಧ್ಯಾಹ್ನ ನಾನು ಊರಿಗೆ ಹೋದಾಗ ಅವ್ವ ಫೋನನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ ಬೆಟಗೇರಿಯ ತಂಗಿಯೊಂದಿಗೆ ಜಗಳವಾಡುತ್ತಿದ್ದಳು. ಯಾವುದೋ ಕುಬಸದ ತೋಳು ಗಿಡ್ಡವಾಯಿತಂತೆ. ನಾನು ಏನೋ ಹೇಳಲು ಹೋದರೆ ಅವ್ವ ಹಿಟ್ಟು ಮೆತ್ತಿದ ಕೈಯಿಂದಲೇ, ನೀ ನಡುವೆ ಬಾಯಿ ಹಾಕಬೇಡ, ಎಂದು ನನಗೂ ಸನ್ನೆ ಮಾಡಿದಳು.