ಸೋಮವಾರದ ಯೂರಿಯಾ

ಕಣ್ಣಿನ ಪೊರೆ ತೆಗೆಸಲು ನಮ್ಮ ಮನೆಯವರು ಮಾವನನ್ನು ರಾಯಚೂರಿಗೆ ಕರೆದುಕೊಂಡು ಹೋದಾಗ ಚೀಕಲಪರ್ವಿಯ ಹೊಲ ಮೊದಲ ಸಲ ನನ್ನ ಕೈಗೆ ಬಂತು. ದೇವದುರ್ಗದ ಕಡೆಯ ನನ್ನ ತವರಲ್ಲಿ ಮಳೆ ನಂಬಿದ ಬೇಸಾಯ. ಮೋಟರು, ನೀರು ಹಾಯಿಸುವುದು ನನಗೆ ಹೊಸದು. ಆದರೂ ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಭಾನುವಾರ ಸಂಜೆ ಹಳದಿಗೆ ತಿರುಗಿದ್ದ ಹತ್ತಿ ಸಾಲಿಗೆಲ್ಲ ಯೂರಿಯಾ ಚೆಲ್ಲಿದೆ. ಮಾನ್ವಿಯಲ್ಲಿ ಎರಡು ದಿನ ಸರದಿ ನಿಂತು ತಂದದ್ದು. ಮರುದಿನ ಎತ್ತು ಹೂಡಿಸಿ ಸಾಲಿನ ನಡುವೆ ಎಡೆ ಹೊಡೆಸಿ ಮಣ್ಣಲ್ಲಿ ಮುಚ್ಚಿದರಾಯಿತು ಎಂದುಕೊಂಡಿದ್ದೆ. ಬೆಳಿಗ್ಗೆ ಎತ್ತಿನವನನ್ನು ಕರೆದರೆ, ‘ಏನವ್ವಾ, ಇವತ್ತು ಸೋಮಾರ. ಎತ್ತು ಹೂಡಂಗಿಲ್ಲ’ ಎಂದ. ಸೋಮವಾರ ಬಸವಣ್ಣನಿಗೆ ಬಿಡುವು ಎಂಬ, ಹುಟ್ಟಿದಾಗಿನಿಂದ ಗೊತ್ತಿದ್ದ ಪದ್ಧತಿಯನ್ನೇ ಮರೆತಿದ್ದೆ.

ತುಂತುರು ಬಿದ್ದು ನೆಲ ತೇವವಾಗಿತ್ತು, ಮೇಲೆ ಚುರುಗುಡುವ ಬಿಸಿಲು. ಎರೆಮಣ್ಣಿನ ಮೇಲೆ ಯೂರಿಯಾ ಕಾಳು ಕರಗಿ ಮೂಗಿಗೆ ಘಾಟು ಬಡಿಯತೊಡಗಿತು. ಬೇರಿಗೆ ಹೋಗಬೇಕಾದ ಸತ್ವ ಗಾಳಿಗೆ ಹೋಗುತ್ತಿತ್ತು. ಬೈಸಿಕೊಳ್ಳಲು ಸಿದ್ಧಳಾಗಿ ಮಾವನಿಗೆ ಫೋನು ಮಾಡಿದೆ.

‘ಲಗೂನ ನೀರು ಬಿಡು. ನೆಲ ಗೇಣುದ್ದ ನೆನೀಲಿ, ಸಾಕು. ಹೆಚ್ಚಾದ್ರ ಗೊಬ್ಬರ ಬೇರು ದಾಟಿ ತಳಕ್ಕ ಇಳೀತದ’ ಎಂದರು. ಬೈಯಲಿಲ್ಲ. ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

ಹೊಳೆಯ ಮೋಟರಿಗೆ ಕರೆಂಟು ಬಂದದ್ದು ಮಧ್ಯಾಹ್ನ. ಸಾಲಿನಿಂದ ಸಾಲಿಗೆ ಓಡಿ ನೀರು ತಿರುವಿದೆ. ಹೆಚ್ಚಾದೀತೆಂಬ ಭಯ, ಸಾಲದೆಂಬ ಭಯ. ಕೆಳಗಿನ ಹತ್ತು ಸಾಲು ಉಳಿದಿರುವಾಗ ಕರೆಂಟು ಹೋಯಿತು, ಎರಡು ದಿನ ಬರಲಿಲ್ಲ. ಹಸಿ ಹೊಲ ದಾಟಿಸಿ ಅಲ್ಲಿಗೆ ಎತ್ತು ಒಯ್ಯುವಂತೆಯೂ ಇರಲಿಲ್ಲ.

‘ಎಲ್ಲಾ ತೋಯ್ತೇನು?’ ಎಂದು ಮಾವ ಫೋನಿನಲ್ಲಿ ಕೇಳಿದರು.

‘ಹೂಂರಿ’ ಎಂದುಬಿಟ್ಟೆ.

ಹತ್ತು ದಿನಕ್ಕೆ ಮೇಲಿನ ಹತ್ತಿ ಕಡುಹಸಿರಾಯಿತು. ಕೆಳಗಿನ ಸಾಲುಗಳು ಹಳದಿಯಾಗೇ ಉಳಿದವು. ಊರಿಗೆ ಮರಳಿದ ಮಾವ ಹೊಲ ನೋಡುತ್ತೇನೆಂದಾಗ ನಾನೂ ಹಿಂದೆ ಹಿಂದೆ ನಡೆದೆ. ಬದುವಿನ ಮೇಲೆ ನಿಂತು ಅವರು ಕಪ್ಪು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಮುಖ ಸಪ್ಪಗಾಯಿತು.

‘ಯವ್ವಾ, ಅಲ್ಲಿ ಎಲ್ಲಾ ಹಳದಿ ಕಾಣಾಕತ್ತದ. ನನ್ನ ಆಪರೇಶನ್ ಕೆಟ್ಟಿತೇನು?’

ಅವರ ದನಿ ನಡುಗುತ್ತಿತ್ತು. ಅಂಥ ದನಿಯನ್ನು ನಾನು ಆ ಮನೆಯಲ್ಲಿ ಕೇಳಿರಲಿಲ್ಲ.

‘ಇಲ್ರಿ ಮಾವಾ, ನಿಮ್ಮ ಕಣ್ಣು ಚಲೋ ಅದ. ಅಲ್ಲೀತನಕ ನೀರು ಹೋಗಿಲ್ರಿ. ನಾನು ಸುಳ್ಳು ಹೇಳಿದ್ದೆ.’