ತಾಮ್ರದ ಕೊಪ್ಪರಿಗೆಯೂ ರೆಜ್ಕಕ್ಕನ ಸ್ಕೀಗಳೂ

ಹುಳಿ ಎಲೆಕೋಸಿನ ಪಾತ್ರೆಯೊಳಗೆ ನಾನು ಮೊಣಕೈತನಕ ಕೈ ಅದ್ದಿದ್ದು ಹಸಿವಿನಿಂದಲ್ಲ. ಹೊಸ ಸ್ಕೀ ಕಟ್ಟಿಕೊಂಡು, ಊರೆಲ್ಲ ನೋಡಲಿ ಎಂದು ಹಿಮದ ಗುಡ್ಡದಿಂದ ಜಂಬವಾಗಿ ಇಳಿದು ಬರುತ್ತಿದ್ದೆ. ರಾತ್ರಿ ಮಳೆ ಹನಿದು, ಬೆಳಗಿನ ಚಳಿಗೆ ಇಳಿಜಾರು ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ನನ್ನ ಸ್ಕೀಗಳೋ, ಹೆಚ್ಚುಕಡಿಮೆ ಬಾಗಿಲಿನಷ್ಟು ಅಗಲ. ‘ಇವುಗಳ ಮೇಲೆ ನೀವು ತೇಲ್ತೀರಿ’ ಎಂದು ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ತೇಲಿದೆ. ಯಾವ ಕಡೆಗೆ ಎಂದು ಮಾತ್ರ ಅವು ನನ್ನನ್ನು ಕೇಳಲಿಲ್ಲ. ಸಾಸೇಜಿಗೆ ಸಾಲು ನಿಂತಿದ್ದವರು ಮರ್ಯಾದೆಯಿಂದ ದಾರಿ ಬಿಟ್ಟರು. ಯೆರ್ನೆಯ್‌ನ ಗಾಡಿಯಂಗಡಿಯ ಪಾತ್ರೆ ಮಾತ್ರ ಬಿಡಲಿಲ್ಲ.

“ಸ್ಲಾವ್ಕೋ, ಸೌಟು ಕೇಳಿದ್ರೆ ಕೊಡ್ತಿದ್ನಲ್ಲೋ!” ಎಂದ ಯೆರ್ನೆಯ್.

ನನ್ನನ್ನು ಎಬ್ಬಿಸಲು ಬಂದವಳು ಅವನ ಹೆಂಡತಿ ರೆಜ್ಕಕ್ಕ. ಎಬ್ಬಿಸಲಿಲ್ಲ. ನನ್ನ ಕಾಲಿನ ಸ್ಕೀಯನ್ನು ಎತ್ತಿ, ತಿರುಗಿಸಿ, ಅಂಚಿನ ಮೇಲೆ ಬೆರಳಾಡಿಸಿ, “ಸರಿ, ಇದಲ್ಲ” ಎಂದು ಕೆಳಗಿಟ್ಟು ಹೊರಟೇಹೋದಳು.

ರೆಜ್ಕಕ್ಕ ನಮ್ಮೂರು ಮೇಲಿನ ರೇಬರ್‌ನಿಂದ ಪೇಟೆಗೆ ಹೋಗುವ ಬಸ್ಸಿನ ಚಾಲಕಿ. ಸ್ಟಿಯರಿಂಗ್ ಹಿಡಿದರೆ ಅವಳಂಥ ಗಟ್ಟಿಗಿತ್ತಿ ಈ ಕಣಿವೆಯಲ್ಲಿಲ್ಲ. ಸ್ಟಿಯರಿಂಗ್ ಬಿಟ್ಟರೆ ಮುಗಿಯಿತು: ಒಂದು ತುಂಡು ಚೀಸ್ ಆರಿಸುವುದಕ್ಕೆ ಅವಳು ತೆಗೆದುಕೊಳ್ಳುವ ಹೊತ್ತಿನಲ್ಲಿ ಇನ್ನೊಂದು ಚೀಸ್ ಮಾಗುತ್ತದೆ. ಯೆರ್ನೆಯ್ ಮದುವೆಗೆ ಕೇಳಿದಾಗ “ಯೋಚಿಸಿ ಹೇಳ್ತೀನಿ” ಅಂದಳಂತೆ. ಅವನು ಆ ವರ್ಷ ನೆಟ್ಟ ಸೇಬಿನ ಸಸಿ ಹಣ್ಣು ಬಿಟ್ಟ ಮೇಲೆ ‘ಹೂಂ’ ಎಂದಳು. ಆ ಹಣ್ಣಿನಲ್ಲೇ ಮದುವೆಯ ಊಟದ ಕಡುಬು ಮಾಡಿದರು.

ಇಂಥವಳ ಪಾಲಿಗೆ ಊರಿನ ಮಾನ ಬಂದು ಬಿದ್ದಿತ್ತು.

ನಮಗೂ ಕೆಳಗಿನ ರೇಬರ್‌ನವರಿಗೂ ನಡುವೆ ಒಂದು ತಾಮ್ರದ ಕೊಪ್ಪರಿಗೆಯಿದೆ. ಈಸ್ಟರ್ ಹಬ್ಬದ ಉಪವಾಸದ ದಿನಗಳು ಶುರುವಾಗುವ ಮುಂಚಿನ ಭಾನುವಾರ ಎರಡೂ ಊರಿನಿಂದ ಒಬ್ಬೊಬ್ಬರು ಬೆಟ್ಟದ ತುದಿಯ ಪುಟ್ಟ ಚರ್ಚು, ಚಾಪೆಲಿನಿಂದ ಕೆಳಗಿನ ಹೋಟೆಲಿನ ಬಾಗಿಲಿನವರೆಗೆ ಸ್ಕೀ ಓಡಿಸಬೇಕು. ಗೆದ್ದ ಊರಿಗೆ ವರ್ಷವಿಡೀ ಕೊಪ್ಪರಿಗೆ; ಹಬ್ಬದ ಸಾರು ಕುದಿಯುವುದು ಅದರಲ್ಲೇ. ಅದು ಎಷ್ಟು ವರ್ಷದಿಂದ ಕೆಳಗೇ ಇತ್ತೆಂದರೆ, ನಮ್ಮ ಹುಡುಗರು ಹಬ್ಬದ ಸಾರು ಪ್ಲಾಸ್ಟಿಕ್ ಬಕೆಟ್ಟಿನಿಂದಲೇ ಹುಟ್ಟುತ್ತದೆ ಎಂದುಕೊಂಡಿದ್ದರು. ಓಡಿಸುವವರು ಯಾರೆಂದು ತೀರ್ಮಾನಿಸುವುದು ಕ್ರಿಸ್‌ಮಸ್ ಆದಮೇಲೆ ಬರುವ ಮೂರು ರಾಜರ ಹಬ್ಬದ ರೊಟ್ಟಿ. ಅದರೊಳಗೆ ಒಂದು ಹುರುಳಿಕಾಯಿ ಬೀಜ ಹುದುಗಿಸಿರುತ್ತಾರೆ. ಯಾರ ತುಂಡಿನಲ್ಲಿ ಬೀಜವೋ ಅವರೇ. ಎಲ್ಲರೂ ತುಂಡು ತೆಗೆದುಕೊಂಡರು. ರೆಜ್ಕಕ್ಕ ಯಾವುದು ತೆಗೆದುಕೊಳ್ಳಲಿ ಎಂದು ನೋಡುತ್ತಲೇ ಇದ್ದಳು. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಒಂದೇ ತುಂಡು. ಬೀಜ ಅದರಲ್ಲೇ ಇತ್ತು.

ಇನ್ನು ಸ್ಕೀ ಆರಿಸಬೇಕಲ್ಲ! ದಾರಿಯೋ, ಒಂದೇ ಬೆಟ್ಟದಲ್ಲಿ ನಾಲ್ಕು ಋತು. ಚಾಪೆಲಿನ ಕೆಳಗೆ ಕಾಡಿನಲ್ಲಿ ಮೈದಾಹಿಟ್ಟಿನಂಥ ಒಣ ಹಿಮ. ಅದನ್ನು ದಾಟಿದರೆ ಗಾಳಿ ಬೋಳಿಸಿದ ದಿಣ್ಣೆ, ಬರೀ ಮಂಜುಗಡ್ಡೆ. ಆಮೇಲೆ ಮೇಲ್ಪದರ ಹಪ್ಪಳದ ಹಾಗೆ ಗಟ್ಟಿ, ತುಳಿದರೆ ಕುಸಿಯುವ ಹಿಮ. ಕೊನೆಗೆ ಬಿಸಿಲು ಬೀಳುವ ಹುಲ್ಲುಗಾವಲಿನಲ್ಲಿ ಕರಗಿ ಗಂಜಿಯಾದ ಹಿಮ. ನಡುವೆ ಸ್ಕೀ ಬದಲಾಯಿಸುವಂತಿಲ್ಲ. ಚಾಪೆಲಿನ ಬಾಗಿಲಲ್ಲಿ ಕಟ್ಟಿಕೊಂಡದ್ದನ್ನು ಹೋಟೆಲಿನ ಬಾಗಿಲಲ್ಲೇ ಬಿಚ್ಚಬೇಕು.

ಊರಿನವರೆಲ್ಲ ತಮ್ಮ ತಮ್ಮ ಸ್ಕೀ ಹೊತ್ತು ತಂದು ಅವಳ ಬಸ್ಸಿಗೆ ಒರಗಿಸಿದರು; ಜೊತೆಗೆ ಉಚಿತ ಬುದ್ಧಿವಾದ.

“ಸಣ್ಣದು ತಗೊಳ್ಳೇ, ಮಂಜುಗಡ್ಡೆ ಮೇಲೆ ಚಾಕು ಕಚ್ಚಿದ ಹಾಗೆ ಕಚ್ಚತ್ತೆ” ಎಂದ ಯೆರ್ನೆಯ್.

“ಕಾಡಲ್ಲಿ ಸೊಂಟದ ತನಕ ಹೂತು ಹೋದ್ರೆ?”

“ಹಾಗಾದ್ರೆ ಅಗಲದ್ದು.”

“ಅಗಲದ್ದು ಏನ್ಮಾಡತ್ತೆ ಅಂತ ಸ್ಲಾವ್ಕೋ ತೋರಿಸ್ದ.”

ವಾರಗಟ್ಟಲೆ ಅವಳು ಬಸ್ಸು ನಿಲ್ಲಿಸಿದ ಮೇಲೆ ಗುಡ್ಡ ಹತ್ತಿದಳು. ಕೊನೆಗೆ ಎರಡು ಜೊತೆ ಉಳಿದವು. ಎರಡೂ ನಡುವಿನವು, ಎಲ್ಲ ಹಿಮಕ್ಕೂ ಒಗ್ಗುವಂಥವು. ಹಸಿರು ಜೊತೆ ಸೊಂಟದಲ್ಲಿ ಕೊಂಚ ಸಣ್ಣ, ಬಿಗಿ. ಕರಿಯದು ಕೊಂಚ ಅಗಲ, ಮೂಗು ಎತ್ತಿಕೊಂಡದ್ದು. ಒಂದು ಕಾಲಿಗೆ ಹಸಿರು, ಒಂದು ಕಾಲಿಗೆ ಕಪ್ಪು ಕಟ್ಟಿ ಇಳಿದು ಹೋಲಿಸುವುದು ಅವಳ ಪದ್ಧತಿ. “ನಾಲಿಗೆಯ ಎರಡು ಬದಿಗೆ ಎರಡು ಸೂಪು ಇಟ್ಟು ರುಚಿ ನೋಡಿದ ಹಾಗೆ” ಎನ್ನುತ್ತಿದ್ದಳು. ರುಚಿ ಗೊತ್ತಾಯಿತು, ತೀರ್ಮಾನ ಆಗಲಿಲ್ಲ.

ಪಂದ್ಯದ ದಿನ ಊರಿನ ಸಾಕ್ಷಿಯಾಗಿ ನನ್ನನ್ನು ಮೇಲೆ ಕಳಿಸಿದರು. ಕೆಳಗಿನವರ ಕಡೆಯಿಂದ ಓಡಿಸಲು ಬಂದವನು ತ್ಸಿರಿಲ್. ಸ್ಕೀ ಕಲಿಸುವವನು, ಕೆಂಪು ಸ್ಕೀ, ಬಿಳಿ ಹಲ್ಲು.

ಚಾಪೆಲಿನೊಳಗೆ ಒಲೆ ಧಗಧಗ ಉರಿಯುತ್ತಿತ್ತು. ಗಾಶ್ಪರ್ ಪಾದ್ರಿಗಳು ಪದ್ಧತಿಯಂತೆ ಸಾರಾಯಿ ಬಗ್ಗಿಸಿದರು. ತ್ಸಿರಿಲ್ ತನ್ನ ಸ್ಕೀಗಳನ್ನು ಒಳಗೇ ತಂದು ಒಲೆಯ ಪಕ್ಕ ನಿಲ್ಲಿಸಿಕೊಂಡ. “ಹೊರಗಿಟ್ರೆ ಮೇಲಿನವರು ತಳಕ್ಕೆ ಜೇನು ಬಳಿದುಬಿಡ್ತಾರೆ, ಫಾದರ್. ಹಿಂದೊಮ್ಮೆ ಆಗಿದೆ.”

“ನಾವಲ್ಲ ಅದು. ಜೇನು ಯಾಕೆ ದಂಡ ಮಾಡ್ತೀವಿ? ಹಂದಿಯ ಕೊಬ್ಬು ಇದೆಯಲ್ಲ” ಎಂದೆ ನಾನು. ಆಮೇಲೆ ಹಾಗೆ ಹೇಳಬಾರದಿತ್ತು ಎನಿಸಿತು. ತ್ಸಿರಿಲ್ ಸ್ಕೀಗಳನ್ನು ಒಲೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡ.

“ರೆಜ್ಕಾ ಎಲ್ಲಿ?” ಎಂದರು ಪಾದ್ರಿಗಳು.

ರೆಜ್ಕಕ್ಕ ಹೊರಗೆ, ನಾಲ್ಕು ಸ್ಕೀಗಳ ನಡುವೆ. “ಅಕ್ಕಾ, ಯಾವುದು?” ಎಂದು ಕೂಗಿದೆ. “ಇರೋ, ಇನ್ನೊಂದ್ಸಲ ಸ್ವಲ್ಪ ಜಾರಿ ನೋಡ್ತೀನಿ” ಎಂದು ಬಗ್ಗಿ ಕಟ್ಟಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ತ್ಸಿರಿಲ್ ಹೊರಗೆ ಬಂದು ಟಪಟಪ ಸ್ಕೀ ಹಾಕಿಕೊಂಡ. ಪಾದ್ರಿಗಳು ಹೊರಡುವ ಕೊಂಬು ಊದಿಯೇಬಿಟ್ಟರು!

ರೆಜ್ಕಕ್ಕ ಹಾರಿದಳು. ತ್ಸಿರಿಲ್ ಕೋಲು ಊರಿ ತಳ್ಳಿದ, ಹೋಗಲಿಲ್ಲ. ಇನ್ನೊಮ್ಮೆ ತಳ್ಳಿದ. ಬೆಚ್ಚಗಿನ ಸ್ಕೀಯ ಅಡಿಯಲ್ಲಿ ಒಣ ಹಿಮ ಕರಗಿ, ಮರುಗಳಿಗೆಯಲ್ಲೇ ಹೆಪ್ಪುಗಟ್ಟಿ, ಅಂಗೈ ದಪ್ಪ ಅಂಟಿಕೊಂಡಿತ್ತು. ಮಕ್ಕಳಿಗೆ ಅವನು ಕಲಿಸುವ ಮೊದಲ ಪಾಠವೇ ಅದು: ಸ್ಕೀಯನ್ನು ಒಲೆಯ ಹತ್ತಿರ ಇಡಬೇಡಿ. ಜೇನಿನ ಭಯದಲ್ಲಿ ಪಾಠ ಮರೆತಿತ್ತು. ಸ್ಕೀ ಬಿಚ್ಚಿ, ಬಯ್ಯುತ್ತ ಕೆರೆಯತೊಡಗಿದ.

“ಹತ್ತೋ ಸ್ಲಾವ್ಕೋ!” ಪಾದ್ರಿಗಳು ತಮ್ಮ ಹಿಮದ ಸ್ಕೂಟರ್ ಗುರ್ರೆನಿಸಿದರು. ನಾನು ಹಿಂದೆ ಕೂತು ಅವರ ನಿಲುವಂಗಿ ಹಿಡಿದುಕೊಂಡೆ. ಕಾಡಿನಂಚಿನಲ್ಲಿ ಹಿಟ್ಟು ಎರಚಿದಂತೆ ಹಿಮ ಮುಖಕ್ಕೆ ಬಡಿಯುತ್ತಿತ್ತು. ಮರಗಳ ನಡುವೆ ಅವಳ ನೀಲಿ ಟೋಪಿ ಮಾತ್ರ ಕಾಣುತ್ತಿತ್ತು. ದಿಣ್ಣೆಯ ಮೇಲೆ ಬಂದಾಗ ಅಯ್ಯೋ! ಹಿಂದಿನಿಂದ ತ್ಸಿರಿಲ್ ಬಾಣದ ಹಾಗೆ ಬಂದ. ರೆಜ್ಕಕ್ಕ ಮಂಜುಗಡ್ಡೆಯ ಮೇಲೆ ಒಂದೇ ಕಾಲಿಗೆ ಭಾರ ಹಾಕಿ, ಕುಂಟುವ ಕೊಕ್ಕರೆಯ ಹಾಗೆ ಕರ್ರ್ ಎಂದು ತಿರುಗುತ್ತಿದ್ದಳು.

“ಯಾಕೆ ಹಾಗೆ ಹೋಗ್ತಿದಾಳೆ?” ಎಂದು ಕಿರುಚಿದರು ಪಾದ್ರಿಗಳು.

“ಗೊತ್ತಿಲ್ಲ ಫಾದರ್, ನಾನು ಕಣ್ಣು ಮುಚ್ಚಿದೀನಿ!”

ಹಪ್ಪಳದ ಹಿಮದಲ್ಲಿ ತ್ಸಿರಿಲ್ ಅವಳ ಪಕ್ಕಕ್ಕೇ ಬಂದ. ಅವನ ಸಣ್ಣ ಸ್ಕೀಯ ಮೂಗು ಒಳಗೆ ಕುಸಿಯಿತು. ಅವಳು ಭಾರವನ್ನು ಇನ್ನೊಂದು ಕಾಲಿಗೆ ದಾಟಿಸಿ ಮೇಲೆಯೇ ಜಾರಿದಳು. ಗಂಜಿಯಲ್ಲಿ ಇಬ್ಬರೂ ನೀರು ಚಿಮ್ಮಿಸುತ್ತ, ಏದುಸಿರು ಬಿಡುತ್ತ ಬಂದರು. ಹೋಟೆಲಿನ ಬಾಗಿಲಿಗೆ ಮೊದಲು ಬಡಿದದ್ದು ರೆಜ್ಕಕ್ಕನ ಮೊಣಕಾಲು!

ಯೆರ್ನೆಯ್ ಸೌಟಿನಿಂದ ಪಾತ್ರೆ ಬಡಿದ. ನಮ್ಮವರು ಕುಣಿದರು. ಆಗ ತ್ಸಿರಿಲ್ ಬೆರಳು ತೋರಿಸಿ, “ನೋಡಿ! ಕಾಲು ನೋಡಿ ಅವಳದ್ದು!” ಎಂದು ಕೂಗಿದ.

ನೋಡಿದೆವು. ಎಡಗಾಲಿಗೆ ಹಸಿರು. ಬಲಗಾಲಿಗೆ ಕಪ್ಪು.

ಕುಣಿಯುತ್ತಿದ್ದವರು ಹಾಗೇ ನಿಂತರು. ಬಕೆಟ್ಟಿನ ಸಾರು ನನ್ನ ಕಣ್ಣ ಮುಂದೆ ಬಂತು. ಎಲ್ಲರೂ ಪಾದ್ರಿಗಳ ಮುಖ ನೋಡಿದರು. ಅವರು ಕನ್ನಡಕ ಒರೆಸಿಕೊಂಡರು.

“ಮೇಲೆ ಕಟ್ಟಿಕೊಂಡದ್ದು ಇದನ್ನೇ ತಾನೆ, ರೆಜ್ಕಾ?”

“ಹೌದು ಫಾದರ್.”

“ನಡುವೆ ಬದಲಾಯಿಸಿದ್ಯಾ?”

“ಬದಲಾಯಿಸೋ ಬುದ್ಧಿ ಇದ್ದಿದ್ರೆ ಮೇಲೇ ಬದಲಾಯಿಸ್ತಿದ್ದೆ.”

“ನಿಯಮ ಅಷ್ಟೇ ಕೇಳೋದು. ಬಣ್ಣ ಕೇಳಲ್ಲ” ಎಂದರು ಪಾದ್ರಿಗಳು. “ಕೊಪ್ಪರಿಗೆ ಮೇಲಕ್ಕೆ!”

ತ್ಸಿರಿಲ್ ಕೊಂಚ ಹೊತ್ತು ಗೊಣಗಿದ. ಆಮೇಲೆ ಒಳ್ಳೆಯ ಮನುಷ್ಯ, ತಾನೇ ಒಂದು ಹಿಡಿಕೆ ಹಿಡಿದು ಕೊಪ್ಪರಿಗೆಯನ್ನು ಬಸ್ಸಿಗೆ ಏರಿಸಿದ. ಏರಿಸಿದವನು ರೆಜ್ಕಕ್ಕನ ಮುಂದೆ ನಿಂತು, ಕಸುಬಿನವನ ಕುತೂಹಲದಿಂದ ಕೇಳಿದ:

“ನಿಜ ಹೇಳಕ್ಕಾ. ನಾಲ್ಕೂ ಹಿಮದಲ್ಲಿ ಎರಡನ್ನೂ ಒಟ್ಟಿಗೇ ಓಡಿಸಿ ನೋಡಿದವಳು ನೀನೊಬ್ಬಳೇ. ಯಾವುದು ವಾಸಿ?”

ರೆಜ್ಕಕ್ಕ ಎಡಗಾಲು ನೋಡಿದಳು. ಬಲಗಾಲು ನೋಡಿದಳು.

“ಯೋಚಿಸಿ ಹೇಳ್ತೀನಿ.”