ತುಂಬುತೋಳಿನ ಆರು ಫ್ರಾಕು

ಹೊಳೆನರಸೀಪುರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಭುಜದ ಸುಟ್ಟ ಕಲೆ ಕಾಣಬಾರದು, ಹೆರಿಗೆಯಾದ ಹೊಟ್ಟೆ ಕಾಣಬಾರದು, ಒಂದು ಹೆಗಲು ಇಳಿದಿರುವುದು ಕಾಣಬಾರದು ಅಂತ ಹೆಂಗಸರು ಬರುತ್ತಾರೆ. ಕಾಣದ ಹಾಗೆ ಮಾಡುವುದೇ ನನ್ನ ಕಸುಬು. ಅದರಲ್ಲಿ ನನಗೆ ಒಳ್ಳೆಯ ಹೆಸರಿದೆ, ಸುಳ್ಳು ಯಾಕೆ ಹೇಳಲಿ.

ನಮಗೆ ಮಕ್ಕಳಾಗಲಿಲ್ಲ. ಹಾಸನದ ಕಚೇರಿಯಲ್ಲಿ ಸಾಕುಪಾಲನೆಯ ವಿಚಾರ ತಿಳಿಸಿದರು: ಮಗು ನಿಮ್ಮದಾಗುವುದಿಲ್ಲ, ನಿಮ್ಮ ಮನೆಯಲ್ಲಿ ಬೆಳೆಯುತ್ತದೆ, ಸಂಬಂಧಿಕರು ಯಾರಾದರೂ ಮುಂದೆ ಬಂದರೆ ಅವರ ಕಡೆಗೆ ಹೋಗಬಹುದು. ಆಗಲಿ ಅಂದೆ. ಹೇಳುವಾಗ ಎಲ್ಲರೂ ಧಾರಾಳಿಗಳೇ.

ಬಂದವಳು ಆರು ವರ್ಷದ ಹುಡುಗಿ. ಅರಕಲಗೂಡು ಕಡೆಯವಳು. ತಾಯಿ ತೀರಿಕೊಂಡಿದ್ದಳು, ತಂದೆ ಎಲ್ಲಿದ್ದಾನೋ ಯಾರಿಗೂ ಗೊತ್ತಿರಲಿಲ್ಲ. ಕೊಣನೂರಿನಲ್ಲಿ ನೋಡಿಕೊಳ್ಳುತ್ತಿದ್ದ ಅಜ್ಜಿ ಹಾಸಿಗೆ ಹಿಡಿದ ಮೇಲೆ ಹುಡುಗಿ ನಮ್ಮಲ್ಲಿಗೆ ಬಂದಳು. ಅವಳಿಗೆ ಸ್ವಂತ ಮಾತಿರಲಿಲ್ಲ. ನಾವು ಆಡಿದ ಕೊನೆಯ ಪದವನ್ನು ಹಿಂದಕ್ಕೆ ಕೊಡುತ್ತಿದ್ದಳು. "ಊಟ ಮಾಡ್ತೀಯಾ?" ಅಂದರೆ "ಮಾಡ್ತೀಯಾ." ಪಕ್ಕದ ಮನೆಯವಳು, "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ನಿಮ್ಮನೆಗೆ ಬಂಗಾರವೇ ಬಂದದೆ ಬುಡಿ" ಅಂದಳು. ನಾನೂ ನಕ್ಕೆ.

ಎರಡನೇ ವಾರ ಒಂದು ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದೆ. ತಿರುಗಿ ನೋಡಿದರೆ ಹುಡುಗಿ ಗೋಡೆಗೆ ಒರಗಿ ಕೂತು ತನ್ನ ಮೊಣಕೈ ಕೆಳಗೆ ತಾನೇ ಕಚ್ಚಿ ಹಿಡಿದಿದ್ದಳು. ಅಳು ಇಲ್ಲ, ಸದ್ದಿಲ್ಲ. ಬಿಡಿಸಿದರೆ ಇನ್ನೊಂದು ಕೈ. ಹಲ್ಲಿನ ಗುರುತಿನಲ್ಲಿ ರಕ್ತ ಬಂದಿತ್ತು. ಅವತ್ತಿನಿಂದ ಒರಳಿನಲ್ಲಿ ರುಬ್ಬತೊಡಗಿದೆ. ಆಮೇಲೆ ಕುಕ್ಕರ್ ಕೂಗಿದರೂ ಕಚ್ಚಿಕೊಂಡಳು, ಮೈಕು ಕಟ್ಟಿಕೊಂಡ ಆಟೋ ಬೀದಿಯಲ್ಲಿ ಹೋದರೂ ಕಚ್ಚಿಕೊಂಡಳು, ಕೆಲವು ದಿನ ಏನೂ ಇಲ್ಲದೆಯೂ. ನನ್ನ ಮೆಷಿನ್ನಿನ ಸದ್ದು ಮಾತ್ರ ಅವಳಿಗೆ ಆಗಿಬರುತ್ತಿತ್ತು. ನಾನು ಹೊಲಿಯುವಾಗ ಅದರ ಕಬ್ಬಿಣದ ಕಾಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಒಂದು ದಿನ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಹಾಗೇ ನಿದ್ದೆ ಹೋದಳು. ಎದ್ದರೆ ಎಚ್ಚರವಾದೀತು ಅಂತ ಗಿರಾಕಿಗೆ ಸುಳ್ಳು ಹೇಳಿ ಕಳಿಸಿದೆ.

ತಿಂಗಳಿಗೊಮ್ಮೆ ಹಾಸನದಿಂದ ಒಬ್ಬರು ಮೇಡಂ ನೋಡಲು ಬರುತ್ತಿದ್ದರು. ನಿದ್ದೆ ಹೇಗೆ, ಮಾತು ಹೇಗೆ, ಗಾಯ ಏನಾದರೂ ಇದೆಯಾ ಅಂತ ಒಂದು ಫಾರ್ಮಿನಲ್ಲಿ ಬರೆದುಕೊಳ್ಳುತ್ತಿದ್ದರು. "ಏನಿದ್ರೂ ಹೇಳಿ, ಡಾಕ್ಟ್ರಿಗೆ ತೋರಿಸೋಣ" ಅಂತ ಮೊದಲ ದಿನವೇ ಅಂದಿದ್ದರು. ನನಗೆ ಅದು ಬಲೆಯಂತೆ ಕೇಳಿಸಿತು. ಹೇಳಿದರೆ ಆಸ್ಪತ್ರೆ ಇರುವ ಯಾವುದೋ ದೊಡ್ಡ ಊರಿನ ಹಾಸ್ಟೆಲಿಗೆ ಕರೆದೊಯ್ಯುತ್ತಾರೆ ಅಂದುಕೊಂಡೆ. ಹಾಗೆ ಯಾರೂ ಹೇಳಿರಲಿಲ್ಲ, ನನಗೆ ನಾನೇ ಹೇಳಿಕೊಂಡದ್ದು. ನನಗೆ ಅವಳು ಬೇಕಿತ್ತು. ಅಷ್ಟೇ.

ಹಾಗಾಗಿ ಫ್ರಾಕು ಹೊಲಿದೆ. ತೆಳು ಹತ್ತಿ ಬಟ್ಟೆ, ಮಣಿಕಟ್ಟಿನ ತನಕ ತೋಳು, ತುದಿಗೆ ಎಲಾಸ್ಟಿಕ್, ಮೇಲೆ ಸಣ್ಣ ನೆರಿಗೆ. ಒಟ್ಟು ಆರು. ಏಪ್ರಿಲ್ ಬಿಸಿಲಲ್ಲೂ ಅದೇ. ಮೇಡಂ ಬಂದಾಗ, "ಆಹಾ, ತೋಳು ಎಷ್ಟು ಚಂದ ಹೊಲಿದಿದ್ದೀರ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನು ಹುಡುಗಿಯ ಎಲಾಸ್ಟಿಕ್ ಕೆಳಗೆಳೆದೆ. "ತೊಂದ್ರೆ ಏನೂ ಇಲ್ಲ ಮೇಡಂ, ಇಂಥ ಮಗು ಸಿಗೋಕೆ ಪುಣ್ಯ ಮಾಡಿರಬೇಕು" ಅಂದೆ. ಅವರು ಬರೆದುಕೊಂಡರು. ಒಂದೂವರೆ ವರ್ಷ ಹೀಗೇ ನಡೆಯಿತು.

ಆಮೇಲೆ ಚನ್ನರಾಯಪಟ್ಟಣದಿಂದ ಅವಳ ಸೋದರತ್ತೆ ಅರ್ಜಿ ಹಾಕಿದಳು. ಸಣ್ಣ ದಿನಸಿ ಅಂಗಡಿಯವರು. ಇಷ್ಟು ದಿನ ಹೆದರಿ ಸುಮ್ಮನಿದ್ದಳಂತೆ, ಮಗು ಹೇಗಿದೆಯೋ ಏನೋ ಅಂತ. ಕಚೇರಿಯಲ್ಲಿ ನನ್ನ ಹೇಳಿಕೆಯನ್ನೇ ಓದಿ ಹೇಳಿದ ಮೇಲೆ ಧೈರ್ಯ ಬಂತಂತೆ: ನಿದ್ದೆ ಚೆನ್ನಾಗಿದೆ, ಗಾಯ ಇಲ್ಲ, ತೊಂದರೆ ಇಲ್ಲ. ಉಳಿಸಿಕೊಳ್ಳಲು ಆಡಿದ ಸುಳ್ಳೇ ಹುಡುಗಿಯನ್ನು ಬಾಗಿಲಾಚೆ ದಾಟಿಸಿತು.

ಒಪ್ಪಿಸುವ ದಿನ ಹಾಸನದ ಕಚೇರಿಯಲ್ಲಿ ಬೆಂಚಿನ ಮೇಲೆ ನಾನು, ಹುಡುಗಿ, ಅವಳ ಅತ್ತೆ ಮೂವರೂ ಕೂತಿದ್ದೆವು. ಹದಿನೈದು ದಿನದಿಂದ ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಗುರುತು ತಿಳಿಯಾಗಿತ್ತು. ಆದರೂ ಅತ್ತೆ ಅವಳ ಕೈ ಹಿಡಿದಾಗ ಫ್ರಾಕಿನ ತೋಳು ಸ್ವಲ್ಪ ಮೇಲೆ ಸರಿಯಿತು. "ಇದೇನಕ್ಕ?" ಅಂದಳು.

"ಸೊಳ್ಳೆ" ಅಂದೆ.

ಹುಡುಗಿ "ಸೊಳ್ಳೆ" ಅಂದಳು. ಅತ್ತೆಗೆ ಮಗು ಮಾತಾಡಿತು ಅಂತ ಖುಷಿಯಾಯಿತು. ಫ್ರಾಕುಗಳ ಚೀಲ ಕೊಟ್ಟು ಬಸ್ಸು ಹತ್ತಿ ಬಂದೆ. ಅಳು ಬರಲಿಲ್ಲ. ಮನೆಗೆ ಬಂದು ಮಿಕ್ಸಿ ಒರೆಸಿ, ಪ್ಲಗ್ಗು ಹಾಕಿ, ಚಟ್ನಿ ಮಾಡಿದೆ. ಮನೆಯವರು ತಿಂದರು. ರುಚಿ ಹೇಗಿತ್ತು ಅಂತ ಅವರೂ ಹೇಳಲಿಲ್ಲ, ನನಗೂ ಗೊತ್ತಾಗಲಿಲ್ಲ. ಒಪ್ಪಿಕೊಂಡಿದ್ದ ಬ್ಲೌಸುಗಳನ್ನೆಲ್ಲ ಹೇಳಿದ ದಿನಕ್ಕೇ ಹೊಲಿದುಕೊಟ್ಟೆ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅತ್ತೆಯ ಫೋನು ಬಂತು. ದನಿ ತೀರಾ ಸಣ್ಣದಾಗಿತ್ತು.

"ಅಕ್ಕ, ಮಗು ಕೈ ಕಚ್ಕತದೆ. ನಮ್ಮನೆಗೆ ಬಂದ್ಮ್ಯಾಲೆ ಇಂಗಾಯ್ತು. ನಮ್ಮ ಯಜಮಾನ್ರದು ಜೋರು ಬಾಯಿ, ಅದಕ್ಕೇ ಏನೋ ಅಂದ್ಕಂಡು ಅವರು ಮನೇಲಿ ಮಾತೇ ಬುಟ್ಟವ್ರೆ. ಟೀವಿ ಆಕಿಲ್ಲ. ಓದ ವಾರ ಡಾಕ್ಟ್ರು ನನ್ನೊಬ್ಬಳ್ನೇ ಕೂರಿಸ್ಕಂಡು, ಮನೇಲಿ ಯಾರಾದ್ರೂ ಒಡೀತೀರಾ ಅಂತ ಕೇಳುದ್ರು. ನಿಮ್ಮತ್ರ ಚೆನ್ನಾಗಿತ್ತಲ್ಲಕ್ಕ. ನೀವು ಏನ್ ಮಾಡ್ತಿದ್ರಿ ಏಳಿ, ನಾನೂ ಅಂಗೇ ಮಾಡ್ತೀನಿ. ಯಾವಾಗಿಂದ ಇಂಗೆ ಅಂತ ಡಾಕ್ಟ್ರು ಬರ್ಕಬೇಕಂತೆ. ನಾನು ನಮ್ಮನೆಗೆ ಬಂದಾಗಿಂದ ಅಂತ ಏಳ್ಬುಟ್ಟೆ."

ಮೆಷಿನ್ನಿನಲ್ಲಿ ಯಾರದೋ ಬ್ಲೌಸಿನ ತೋಳು ಅರ್ಧಕ್ಕೆ ನಿಂತಿತ್ತು. ಹೇಳದಿದ್ದರೂ ನಡೆಯುತ್ತಿತ್ತು. ಯಾರೂ ನನ್ನನ್ನು ಕೇಳುತ್ತಿರಲಿಲ್ಲ.

"ಒಂದೂವರೆ ವರ್ಷದಿಂದ," ಅಂದೆ. "ನನ್ನತ್ರ ಬಂದ ಎರಡನೇ ವಾರದಿಂದ. ಅದಕ್ಕೂ ಮೊದಲು ಇತ್ತೋ ಏನೋ ಗೊತ್ತಿಲ್ಲ. ಫ್ರಾಕಿಗೆ ಉದ್ದ ತೋಳು ಚಂದಕ್ಕೆ ಇಟ್ಟದ್ದಲ್ಲಮ್ಮ, ಗುರುತು ಯಾರಿಗೂ ಗೊತ್ತಾಗದಿರಲಿ ಅಂತ ಇಟ್ಟೆ. ಡಾಕ್ಟ್ರಿಗೆ ಹೀಗೇ ಹೇಳು. ಬೇಕಾದರೆ ನಾನೇ ಬಂದು ಹೇಳ್ತೀನಿ."

ಬೈಗುಳಕ್ಕೆ ಕಾದೆ. ನನಗೆ ಅದು ಸಲ್ಲಬೇಕಾದದ್ದೇ. ಆ ಕಡೆ ಅಳು ಕೇಳಿಸಿತು. ಫೋನು ಕೈಯಲ್ಲೇ ಹಿಡಿದು ಅವಳು ತಮ್ಮ ದಿನಸಿ ಅಂಗಡಿಯ ಕಡೆಗೆ ನಡೆದದ್ದು ಗೊತ್ತಾಯಿತು. ಗಂಡನಿಗೆ ಹೇಳುತ್ತಿದ್ದಳು:

"ರೀ, ನಮ್ಮಿಂದ ಆಗಿದ್ದಲ್ಲವಂತೆ."